ಯಮುನವ್ವ ಮಡಿಚಿಟ್ಟ ಎಲೆ

ಇಚಲಕರಂಜಿಯಲ್ಲಿ ನಾಟಕದ ತಂಬುವಿನಿಂದ ನಮ್ಮ ಬಾಳಕ್ಕ ಇಳಿದುಕೊಂಡಿದ್ದ ಮನೆಗೆ ಎರಡು ದಾರಿ. ಒಂದು ಪೇಟೆಯ ಮೇಲಿನದು, ದೂರ. ಇನ್ನೊಂದು ಆಲದ ಮರದ ಬುಡದ ಬಾವಿಯನ್ನು ಹಾಯ್ದು ಹೋಗುವುದು, ಹತ್ತಿರ. ರಾತ್ರಿ ಎರಡಕ್ಕೆ ನಾಟಕ ಮುಗಿದರೆ ಕಂಪನಿಯ ಹೆಣ್ಣುಮಕ್ಕಳೆಲ್ಲ ಒಂದೇ ಕಂದೀಲು ಹಿಡಿದು, ಗುಂಪಾಗಿ, ಪೇಟೆಯ ದಾರಿಯಲ್ಲೇ ಹೋಗುತ್ತಿದ್ದರು. ಅವತ್ತು ಬಾಳಕ್ಕ ಒಬ್ಬಳೇ ಹೊರಟಳು. ಕಂದೀಲಿಲ್ಲ. ಬಾವಿಯ ದಾರಿಯನ್ನೇ ಹಿಡಿದಳು. ಯಾಕೆ ಅಂದರೆ… ಹೊಟ್ಟೆಕಿಚ್ಚು.

ಹತ್ತಿರ ಸರಿದು ಕೂತುಕೊಳ್ಳಿ. ದನಿ ಎತ್ತಿ ಹೇಳುವ ಮಾತಲ್ಲ ಇದು.

ಬಾಳಕ್ಕ ಅಂದರೆ ನಮ್ಮ ದೊಡ್ಡವ್ವನ ಮಗಳು, ಗಡಹಿಂಗ್ಲಜದವಳು. ಹದಿನಾಲ್ಕಕ್ಕೆ ಬಾಪೂಸಾಹೇಬರ ನಾಟಕ ಕಂಪನಿ ಸೇರಿದಳು. ಅದೇ ವರ್ಷ ನನ್ನನ್ನು ಕೊಲ್ಹಾಪುರಕ್ಕೆ ಮದುವೆ ಮಾಡಿ ಕೊಟ್ಟರು. ಅವಳು ಬಣ್ಣ ಹಚ್ಚಿಕೊಂಡು ಊರೂರು ತಿರುಗಿದಳು, ನಾನು ಒಲೆಯ ಮುಂದೆ ಕೂತೆ. ಮುಚ್ಚಿಡುವುದೇಕೆ, ನನಗೂ ಅವಳನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಅದಕ್ಕೇ ಅವಳ ಹೊಟ್ಟೆಯ ಉರಿ ನನಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಾಗುತ್ತದೆ.

ಅವಳ ಉರಿ ಯಾರ ಮೇಲೆ? ಯಮುನವ್ವನ ಮೇಲೆ. ಕಂಪನಿಯಲ್ಲಿ ಮುದುಕಿಯ ಪಾರ್ಟೆಲ್ಲ ಯಮುನವ್ವನದೇ. ಒಂದು ದಿನವೂ ನಾಯಕಿಯಾದವಳಲ್ಲ ಆಕೆ. ಇಪ್ಪತ್ತಕ್ಕೇ ಬಿಳಿಗೂದಲಿನ ಟೋಪನ್ ತಲೆಗೇರಿಸಿದಳು, ಐವತ್ತರವರೆಗೂ ಇಳಿಸಲಿಲ್ಲ. ತಾಯಿ ಅವಳೇ, ಅತ್ತೆ ಅವಳೇ, ಸೂಲಗಿತ್ತಿ ಅವಳೇ. ಕಂಪನಿಯ ದೊಡ್ಡ ನಾಟಕದ ಕೊನೆಗೆ ಮಗನ ಹೆಣದ ಮುಂದೆ ತಾಯಿ ಅಳುವ ದೃಶ್ಯವೊಂದಿತ್ತು. ಆ ಅಳು ಪರದೆಯ ಹಿಂದೆಯೇ ಶುರುವಾಗುತ್ತಿತ್ತು. ಮೊದಲು ಮೂಗಿನಲ್ಲಿ ಸಣ್ಣಗೆ… "ಹ್ಞೂಂ…" ಆಮೇಲೆ ಗಂಟಲಲ್ಲಿ ಗರಗರ. ಆಮೇಲೆ ಒಮ್ಮೆಗೇ, "ನನ್ನ ಕೂಸಾಽಽ!" ಅದೊಂದನ್ನು ಕೇಳಲಿಕ್ಕೆ ಕುರುಂದವಾಡ, ಅಕಿವಾಟದ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಗಂಡಸರೂ ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಯಮುನವ್ವನ ಕೈಯಲ್ಲಿ ಸದಾ ಅಡಕೊತ್ತು. ತನ್ನ ಸರದಿ ಬರುವವರೆಗೆ ಪರದೆಯ ಹಿಂದೆ ಕೂತು ಅಡಿಕೆ ಕತ್ತರಿಸುವಳು. ಕಟಕ್… ಕಟಕ್… ಆ ಸದ್ದು ನಿಂತಿತೆಂದರೆ ಅಳು ಬಂತು ಅಂತ ಲೆಕ್ಕ.

ಐವತ್ತಾರನೇ ಇಸವಿಯಲ್ಲಿ ಕಂಪನಿ ಗಡಹಿಂಗ್ಲಜಕ್ಕೆ ಬಂತು. ಬಾಳಕ್ಕನ ಸ್ವಂತ ಊರು, ಎಲ್ಲ ಬಳಗದವರು ಮುಂದಿನ ಸಾಲಿನಲ್ಲಿ. ಅವಳು ಯಮುನವ್ವನ ಕಾಲು ಹಿಡಿದಳಂತೆ.

"ಅಕ್ಕಾರ, ಇದೊಂದ ರಾತ್ರಿ ತಾಯಿ ಪಾರ್ಟ ನನಗ ಕೊಡ್ರಿ. ನಮ್ಮವರೆಲ್ಲಾ ಬಂದಾರ."

ಯಮುನವ್ವ ಎಲೆ ಜಗಿಯುತ್ತಾ ಅಂದಳು, "ನಿನಗಿನ್ನೂ ಹೊಟ್ಟ್ಯಾಗಿಂದ ಅಳು ಬರೂದಿಲ್ಲ. ಬಂದ ದಿನಾ ನಾನ ಕರದ ಕೊಡ್ತೇನಿ."

ಅವತ್ತು ಬಾಳಕ್ಕ ಕೊಡ ಹೊತ್ತುಕೊಂಡು ಸ್ಟೇಜಿನ ಈ ಕಡೆಯಿಂದ ಆ ಕಡೆಗೆ ಹೋದಳು. ಅಷ್ಟೇ ಅವಳ ಪಾರ್ಟು. ನಾನು ಮುಂದಿನ ಸಾಲಿನಲ್ಲಿದ್ದೆ. ನಕ್ಕೆ. ಅವಳು ನೋಡಿದಳು. ನನ್ನನ್ನು ಆಮೇಲೆ ಕ್ಷಮಿಸಿದಳು, ಯಮುನವ್ವನನ್ನು ಮಾತ್ರ ಕ್ಷಮಿಸಲಿಲ್ಲ.

ಈಗ ಒಂದು ಪದ್ಧತಿ ಹೇಳಬೇಕು. ಇದನ್ನು ತಿಳಿಯದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆ ಕಂಪನಿಯಲ್ಲಿ ಒಬ್ಬರ ಪಾರ್ಟು ಇನ್ನೊಬ್ಬರು ಮಾಡಬೇಕಾದರೆ ಸುಮ್ಮನೆ ಬಣ್ಣ ಹಚ್ಚಿಕೊಳ್ಳುವಂತಿಲ್ಲ. ಐದು ಎಲೆ, ಎರಡು ಅಡಿಕೆ ತಗೊಂಡು ಹೋಗಿ ಹಳಬರ ಮುಂದಿಟ್ಟು "ಪಾತ್ರ ಕೊಡ್ರಿ" ಅನ್ನಬೇಕು. ಹಳಬರು ತಮ್ಮ ಕೈಯಾರೆ ಎಲೆ ಮಡಿಚಿ, ಲವಂಗ ಚುಚ್ಚಿ, "ಕೊಟ್ಟೆ" ಅಂತ ಕೊಡಬೇಕು. ಅದನ್ನು ಜಗಿದು ನುಂಗಿದರೆ ಪಾತ್ರ ಹೊಸಬರದಾಯಿತು. ಅಲ್ಲಿಯವರೆಗೆ ಅದು ಹಳಬರದೇ.

ಐವತ್ತೆಂಟು. ಇಚಲಕರಂಜಿ ಮುಕ್ಕಾಮು. ಯಮುನವ್ವನಿಗೆ ಜ್ವರ ಬಂತು. ಬಾವಿಯ ಆಚೆ ಮುದಕವ್ವ ಅಂತ ನೇಕಾರರ ಮುದುಕಿ, ಅವಳ ಮನೆಯಲ್ಲಿ ಮಲಗಿದ್ದಳು. ಮೂರನೇ ದಿನವೂ ಏಳಲಿಲ್ಲ. ಕಂಪನಿಯ ಮಾಲಕರು ಬಾಪೂಸಾಹೇಬರು ಬಾಳಕ್ಕನನ್ನು ಕರೆದರು.

"ಇವತ್ತ ರಾತ್ರಿ ತಾಯಿ ನೀನ. ಹೋಗು, ಯಮುನವ್ವನ ಕಡೆ ಎಲಿ ತಗೊಂಡ ಬಾ."

"ಹೂಂನ್ರಿ."

ಹೋಗಲಿಲ್ಲ. ಎಲೆ ಅಡಿಕೆ ಕೊಂಡಳು, ಪೇಟೆಯ ತುದಿಯವರೆಗೆ ನಡೆದಳು, ಅಲ್ಲೇ ನಿಂತಳು. ಮತ್ತೆ ಅವಳ ಮುಂದೆ ಬಾಗಬೇಕೇ? ಮತ್ತೆ ಅವಳು ಎಲೆ ಜಗಿಯುತ್ತಾ ತನ್ನನ್ನು ಮೇಲಿಂದ ಕೆಳಗೆ ನೋಡಬೇಕೇ? ಎಲೆಗಳನ್ನು ಒಂದು ಎಮ್ಮೆಯ ಮುಂದೆ ಎಸೆದು ತಿರುಗಿ ಬಂದಳು. ತುಟಿ ಕೆಂಪಾಗಲಿ ಅಂತ ಅಂಗಡಿಯದೊಂದು ಪಾನು ಹಾಕಿಕೊಂಡಳು.

"ಕೊಟ್ಟಳೇನ?" ಅಂದರು ಬಾಪೂಸಾಹೇಬರು.

"ಕೊಟ್ಟಳ್ರಿ."

ರಾತ್ರಿ ನಾಟಕ. ತಂಬು ತುಂಬಿತ್ತು. ಕೊನೆಯ ದೃಶ್ಯ ಬಂತು. ಬಾಳಕ್ಕ ಪರದೆಯ ಹಿಂದೆ ನಿಂತು ಬಾಯಿ ತೆರೆದಳು… "ಹ್ಞೂಂ…" ಅವಳಿಗೇ ಆಶ್ಚರ್ಯ. ಎಷ್ಟು ಸಲೀಸಾಗಿ ಬಂತು! ಗರಗರ ಬಂತು. "ನನ್ನ ಕೂಸಾಽಽ!" ತಂಬುವಿಗೆ ತಂಬುವೇ ಅತ್ತುಬಿಟ್ಟಿತು. ಪರದೆ ಬಿದ್ದ ಮೇಲೆ ಹಾರ್ಮೋನಿಯಂ ನುಡಿಸುವವನು ಓಡಿ ಬಂದು ಕೈ ಮುಗಿದ.

"ಥೇಟ್ ಯಮುನವ್ವ! ಕಣ್ಣ ಮುಚ್ಚಿದ್ರ ಯಮುನವ್ವನ ನೋಡು!"

ಒಬ್ಬನಲ್ಲ, ಎಲ್ಲರೂ ಅದನ್ನೇ ಅಂದರು. ಬಾಳಕ್ಕ ಮುಖದ ಬಣ್ಣ ಕೂಡ ತೊಳೆಯಲಿಲ್ಲ. ಟೋಪನ್ ಕಿತ್ತು ಟ್ರಂಕಿಗೆ ಒಗೆದು ಒಬ್ಬಳೇ ಹೊರಟುಬಿಟ್ಟಳು.

ದೂರದಲ್ಲಿ ಯಾರದೋ ಮಗ್ಗ ನಡೆದಿತ್ತು. ಖಟ್ ಖಟ್… ಖಟ್ ಖಟ್… ಆಲದ ಮರದ ಹತ್ತಿರ ಬರುತ್ತಿದ್ದಂತೆ ಅದೂ ನಿಂತಿತು. ಬಾವಿಯ ಗಡಗಡೆಗೆ ಹಗ್ಗವಿರಲಿಲ್ಲ. ಗಾಳಿಯಿರಲಿಲ್ಲ. ಆದರೂ ಗಡಗಡೆ ಒಂದು ಸುತ್ತು ತಿರುಗಿತು. ಕಿರ್ರ್…

ಆಮೇಲೆ… ಕಟಕ್.

ಬಾಳಕ್ಕನ ಹೆಜ್ಜೆ ನಿಂತಿತು. ಬಾವಿಯ ಕಟ್ಟೆಯ ಮೇಲೆ ಯಾರೋ ಕೂತಿದ್ದರು. ಸೆರಗು ತಲೆಯ ಮೇಲೆ.

"ಯಾರವ್ವಾ?"

"ಬಾಳಾ… ನಾನ."

ಯಮುನವ್ವನ ದನಿ. ಬಾಳಕ್ಕ ಬಣ್ಣದ ಮುಖಕ್ಕೆ ಸೆರಗು ಎಳೆದುಕೊಂಡಳು. ಹೆದರಿಕೆಗಲ್ಲ, ಕಳ್ಳತನ ಸಿಕ್ಕಿಬಿದ್ದದ್ದಕ್ಕೆ.

"ಜ್ವರಾ ಇಟಗೊಂಡ ಇಲ್ಯಾಕ ಬಂದೀರಿ ಅಕ್ಕಾರ?"

"ನೀ ಬರ್ತಿ ಅಂತ ಕಾದೇನಿ… ದೀಪಾ ಹಚ್ಚೂ ತನಕ ಕಾದೇನಿ…"

ಬಾಳಕ್ಕ ಒಂದು ಹೆಜ್ಜೆ ಹಿಂದೆ ಸರಿದಳು.

"ಎಲಿ ತಂದೀಯೇನ?"

"ನಾಳಿಗೆ ತರತೇನ್ರಿ."

ಕಟಕ್.

"ಹಂಗಾದ್ರ… ಅಳು ಇನ್ನೂ ನಂದ ಐತಿ."

ಅಷ್ಟೇ. ಮಗ್ಗ ಮತ್ತೆ ಶುರುವಾಯಿತು. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಜ್ವರದಲ್ಲಿದ್ದವಳು ಅಷ್ಟು ಬೇಗ ಎದ್ದು ಎಲ್ಲಿಗೆ ಹೋದಳು ಅಂತ ಕೂಡ ಬಾಳಕ್ಕ ಯೋಚಿಸಲಿಲ್ಲ. ಸಿಕ್ಕಿಬಿದ್ದೆನಲ್ಲ ಅನ್ನುವ ಉರಿಯಲ್ಲೇ ಮನೆ ಸೇರಿದಳು.

ಬೆಳಿಗ್ಗೆ ಗೊತ್ತಾಯಿತು. ಯಮುನವ್ವ ಹಿಂದಿನ ಸಂಜೆ ದೀಪ ಹಚ್ಚುವ ಹೊತ್ತಿಗೇ ಸತ್ತಿದ್ದಳು. ಟಿಕೀಟು ಮಾರಿಯಾಗಿತ್ತು, ಜನ ಸೇರಿತ್ತು. ಬಾಪೂಸಾಹೇಬರು ನಾಟಕ ಮುಗಿಯುವವರೆಗೆ ಸುದ್ದಿ ಮುಚ್ಚಿಟ್ಟಿದ್ದರು.

ಬಾಳಕ್ಕ ಹೆಣ ನೋಡಲಿಕ್ಕೆ ಹೋದಳು. ಹೋಗದಿದ್ದರೆ ಜನ ಏನಂದಾರು? ಅಲ್ಲಿ ಮುದಕವ್ವ ಅಳುತ್ತಾ ಅಂದಳು, "ಮಧ್ಯಾನಾ ಬಾಪೂಸಾಹೇಬರ ಕಡಿಂದ ಸುದ್ದಿ ಬಂದಿತ್ತವ್ವಾ, ನೀ ತಾಯಿ ಪಾರ್ಟ ಮಾಡ್ತಿ ಅಂತ. ಭಾಳ ಖುಷಿ ಆದಳು. ಎದ್ದ ಕುಂತ ಎಲಿ ಮಡಿಚಿದಳು. ಬಾಳಾ ಬಂದಳೇನ, ಬಾಳಾ ಬಂದಳೇನ… ದೀಪಾ ಹಚ್ಚೂ ತನಕ ಅದನ್ನ ಕೇಳಿದಳು."

ಮಡಿಚಿದ ಎಲೆ ಯಮುನವ್ವನ ಮುಷ್ಟಿಯಲ್ಲೇ ಇತ್ತು. ಬೆರಳು ಬಿಚ್ಚಲು ಬರಲಿಲ್ಲ. ಎಲೆಯ ಸಮೇತ ಮಣ್ಣು ಕೊಟ್ಟರು.

ಬಾಳಕ್ಕ ಬಾಯಿ ಬಿಡಲಿಲ್ಲ. ಬಾವಿಯದನ್ನೂ ಹೇಳಲಿಲ್ಲ, ಬಾಪೂಸಾಹೇಬರ ಮುಂದೆ ಆಡಿದ ಸುಳ್ಳನ್ನೂ ಒಪ್ಪಿಕೊಳ್ಳಲಿಲ್ಲ. ಪಾರ್ಟು ಅವಳಿಗೇ ಸಿಕ್ಕಿತು. ತಾಯಿ, ಅತ್ತೆ, ಸೂಲಗಿತ್ತಿ, ಎಲ್ಲ ಅವಳದೇ. ಮಾತಾಡುವಾಗ ಅವಳದೇ ದನಿ. ಅಳು ಬಂತೆಂದರೆ ಮಾತ್ರ ಯಮುನವ್ವನ ದನಿ. ಬಿಸಿನೀರು ಕುಡಿದಳು, ಶ್ರುತಿ ಏರಿಸಿದಳು, ಇಳಿಸಿದಳು. ಏನು ಮಾಡಿದರೂ ಬಾಯಿ ತೆರೆದರೆ ಅದೇ "ಹ್ಞೂಂ…" ಬಾಪೂಸಾಹೇಬರಿಗೆ ಹಬ್ಬ. ಹ್ಯಾಂಡ್‌ಬಿಲ್ಲಿನಲ್ಲಿ "ಎರಡನೆಯ ಯಮುನವ್ವ" ಅಂತ ದಪ್ಪ ಅಕ್ಷರ, ಕೆಳಗೆ ಸಣ್ಣದಾಗಿ ಅವಳ ಹೆಸರು. ಕುರುಂದವಾಡ, ಆಜರಾ, ಗಡಹಿಂಗ್ಲಜ, ಎಲ್ಲಿ ಹೋದರೂ ಅದೇ ಕಾಗದ. ತನ್ನ ಊರಿನಲ್ಲೂ ತನ್ನ ಹೆಸರು ಸಣ್ಣದೇ. ನಮ್ಮ ಮನೆಗೆ ಬಂದಾಗ ಆ ಕಾಗದ ಹರಿದು ಒಲೆಗೆ ಹಾಕುತ್ತಿದ್ದಳು. ನನಗೆ ಒಳಗೊಳಗೆ ಸ್ವಲ್ಪ ಸಮಾಧಾನವೂ ಆಗುತ್ತಿತ್ತು, ನೋಡಿ. ಕೆಟ್ಟ ಬುದ್ಧಿ ನನ್ನದು.

ಕಂಪನಿ ಮುಳುಗಿತು. ಬಾಳಕ್ಕ ಕೊಲ್ಹಾಪುರಕ್ಕೆ ಬಂದು ನಮ್ಮ ಓಣಿಯಲ್ಲೇ ಖೋಲಿ ಹಿಡಿದಳು. ಸಿನಿಮಾದವರಿಗೆ ದನಿ ಕೊಡುವ ಕೆಲಸ ಹಿಡಿದಳು. ಪರದೆಯ ಮೇಲೆ ಬೇರೆ ಮುದುಕಿ ಬಾಯಿ ಆಡಿಸುತ್ತಾಳೆ, ಕತ್ತಲೆ ಖೋಲಿಯಲ್ಲಿ ಮೈಕಿನ ಮುಂದೆ ಇವಳು ಮಾತಾಡುತ್ತಾಳೆ. ಗದರುವ ಅತ್ತೆ, ಕೆಮ್ಮುವ ಅಜ್ಜಿ. ಅಳುವ ಕೆಲಸ ಮಾತ್ರ ಬೇಕಂತಲೇ ಹಿಡಿಯುತ್ತಿರಲಿಲ್ಲ. ಹೆಸರು ಯಾವ ಚಿತ್ರದಲ್ಲೂ ಬರಲಿಲ್ಲ.

ಅರವತ್ತೇಳರಲ್ಲಿ ಆಬಾಸಾಹೇಬರೆಂಬ ಡೈರೆಕ್ಟರು ಕರೆಸಿದರು. ಅವರ ಚಿತ್ರದಲ್ಲಿ ಮಗ ಸತ್ತ ಸುದ್ದಿ ಕೇಳಿ ತಾಯಿ ಅಳಬೇಕು. ಆ ನಟಿಗೆ ಅಳು ಬರಲೊಲ್ಲದು.

"ಅಕ್ಕಾರ, ನೀವ ಅಳ್ರಿ. ಪಡದೆ ಮ್ಯಾಲ ನಿಮ್ಮ ಹೆಸರ ಹಾಕಿಸ್ತೇನಿ. ಒಂಟಿ ಹೆಸರು, ದೊಡ್ಡ ಅಕ್ಷರದಾಗ."

ಒಂಟಿ ಹೆಸರು! ಒಪ್ಪದೆ ಇರುತ್ತಾಳೆಯೇ? ಸಿನಿಮಾ ನೋಡುವವರಿಗೆ ಯಮುನವ್ವ ಯಾರು ಅಂತ ಗೊತ್ತೇ ಇಲ್ಲ ಅನ್ನುವ ಧೈರ್ಯ ಬೇರೆ. ಮೈಕಿನ ಮುಂದೆ ನಿಂತಳು. ಅತ್ತಳು. ಮುಗಿಸಿದಳು. ಒಳಗಿನಿಂದ ಜಿನದತ್ತ ಎದ್ದು ಬಂದ. ಅವನೇ ದನಿ ಹಿಡಿಯುವವನು, ಅಕಿವಾಟದ ಹುಡುಗ. ಕಿವಿಯ ಮೇಲಿನ ಯಂತ್ರ ಕುತ್ತಿಗೆಗೆ ಇಳಿಸಿ ಮೆಲ್ಲಗೆ ಕೇಳಿದ.

"ಅಕ್ಕಾರ, ನಿಮ್ಮ ಹಿಂದ ಯಾರ ಅದಾರ?"

"ಯಾರೂ ಇಲ್ಲಲಾ?"

"ಅಡಿಕಿ ಕತ್ತರಿಸಾಕತ್ತಾರ್ರಿ… ಕಟಕ್ ಅಂತ ಬರಾಕತ್ತೈತಿ. ಸುಮ್ಮ ಇರಾಕ ಹೇಳ್ರಿ."

ಬಾಳಕ್ಕ ಹಿಂದೆ ತಿರುಗಿ ನೋಡಿದಳು. ಜಿನದತ್ತನಿಗೆ ಯಮುನವ್ವ ಗೊತ್ತಿಲ್ಲ. ಅವಳು ಸತ್ತಾಗ ಅವನಿನ್ನೂ ಸಾಲಿ ಹುಡುಗ. ಮತ್ತೆ ಮಾಡಿದರು, ಮತ್ತೆ ಕಟಕ್. ಮೂರು ಸಲ ಆಯಿತು. ಆ ಕಟಕ್ ಇಲ್ಲದ ಅಳು ನಾಡಿದ್ದಿನೊಳಗೆ ಆಗಬೇಕು, ಇಲ್ಲದಿದ್ದರೆ ಪುಣೆಯಿಂದ ಬೇರೆಯವಳನ್ನು ಕರೆಸುತ್ತೇವೆ ಅಂದರು ಆಬಾಸಾಹೇಬರು.

ಆ ರಾತ್ರಿ ಬಾಳಕ್ಕ ನಮ್ಮ ಅಡಿಗೆಮನೆಯಲ್ಲಿ ಕೂತು ಎಲ್ಲ ಹೇಳಿದಳು. ಎಮ್ಮೆಗೆ ಎಸೆದ ಎಲೆ, ಹೇಳಿದ ಸುಳ್ಳು, ಬಾವಿಯ ಕಟ್ಟೆ, ಮುಷ್ಟಿ. ಒಂಬತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು.

"ನನ್ನ ಹೆಸರ ಬರೂ ಹೊತ್ತಿಗೂ ಆಕಿ ಬಂದ ಕುಂತಾಳ ತಂಗಿ. ನನ್ನ ಬಾಯಾಗ ಕುಂತಾಳ."

"ಹಂಗಾದ್ರ ಎಲಿ ತಗೊಂಡ ಹೋಗು," ಅಂದೆ ನಾನು. "ಕೇಳಬೇಕಾದ್ದ ಕೇಳು."

ಮರುದಿನ ಸಂಜೆಯ ಬಸ್ಸಿಗೆ ಇಬ್ಬರೂ ಇಚಲಕರಂಜಿಗೆ ಹೋದೆವು. ಊರು ಬೆಳೆದಿತ್ತು. ಈಗ ಕೈಮಗ್ಗವಲ್ಲ, ಎಲ್ಲ ಕರೆಂಟಿನ ಮಗ್ಗ, ಖಡಖಡಖಡ ಅಂತ ನೆಲವೇ ನಡುಗುವ ಸದ್ದು. ಬಾವಿಗೆ ನೀರಿರಲಿಲ್ಲ. ಆಲದ ಮರ ಹಾಗೇ ಇತ್ತು. ಕತ್ತಲಾಗುವವರೆಗೆ ಕಾದೆವು. ನಾನು ದಾರಿಯ ಅಂಚಿನಲ್ಲೇ ನಿಂತೆ, ಹತ್ತು ಹೆಜ್ಜೆ ದೂರ.

ಬಾಳಕ್ಕ ಐದು ಎಲೆ, ಎರಡು ಅಡಿಕೆ ಕಟ್ಟೆಯ ಮೇಲಿಟ್ಟಳು. ಸೆರಗು ಒಡ್ಡಿದಳು.

"ಅಕ್ಕಾರ… ಸುಳ್ಳ ಹೇಳಿದ್ನಿ. ನಿಮ್ಮ ಮುಂದ ಬಾಗಾಕ ಆಗಲಿಲ್ಲ. ಹೊಟ್ಟಿಕಿಚ್ಚ ನಂದು. ಪಾತ್ರ ಕೊಡ್ರಿ."

ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಕರೆಂಟು ಹೋಗಿರಬಹುದು ಅನ್ನಿ, ನಾನು ಬೇಡ ಅನ್ನುವುದಿಲ್ಲ. ಆ ನಿಶ್ಶಬ್ದದಲ್ಲಿ ನನ್ನ ಈ ಎರಡು ಕಿವಿಗಳಿಂದ ಕೇಳಿದೆ…

ಕಟಕ್.

ಆಮೇಲೆ ಪಿಸುಮಾತು. ಎಲೆ ಜಗಿಯುವ ಬಾಯಿಯ ಮಾತು.

"ಅವತ್ತ ಮಡಿಚಿದ್ದ ಐತಿ… ತಗೋ. ಕೊಟ್ಟೆ."

ಬಾಳಕ್ಕ ಸೆರಗಿನಿಂದ ಏನೋ ಎತ್ತಿ ಬಾಯಿಗೆ ಹಾಕಿಕೊಂಡಳು. ಚರಚರ ಅಂತ ಸದ್ದು, ಒಣಗಿದ ಎಲೆಯ ಸದ್ದು. ಅವಳು ತಂದ ಎಲೆಗಳು ಹಸಿ ಇದ್ದವು, ಮೂರು ಗಂಟೆ ಮುಂಚೆ ನಾನೇ ಆರಿಸಿ ಕೊಂಡದ್ದು. ಅವು ಐದೂ ಕಟ್ಟೆಯ ಮೇಲೆ ಹಾಗೇ ಇದ್ದವು. ನುಂಗಿ ತಿರುಗಿ ಬಂದಳು. ಕೊನೆಯ ಬಸ್ಸಿಗೆ ಕೊಲ್ಹಾಪುರಕ್ಕೆ ಮರಳಿದೆವು.

ಮರುದಿನ ಮೈಕಿನ ಮುಂದೆ ಅತ್ತಳು. ನಾನೂ ಹೋಗಿದ್ದೆ, ಬಾಗಿಲ ಬಳಿ ನಿಂತಿದ್ದೆ. ಜಿನದತ್ತ ತಲೆಯಾಡಿಸಿದ. "ಸ್ವಚ್ಛ ಬಂತ್ರಿ ಅಕ್ಕಾರ. ಒಂದ ದನಿ. ನಿಮ್ಮದಷ್ಟ."

ನಿಜ. ಬಾಳಕ್ಕನದೇ ದನಿ. ಹದಿನಾಲ್ಕರವರೆಗೆ ನನ್ನ ಜೊತೆ ಆಡಿ, ಜಗಳಾಡಿ, ಬಿದ್ದು ಅತ್ತವಳ ದನಿ. ನಾನು ಗುರುತು ಹಿಡಿದೆ. ಅವಳ ಮುಖ ನೋಡಬೇಕಿತ್ತು ಆಗ. ಮದುವಣಗಿತ್ತಿಯ ಮುಖ.

ಆಬಾಸಾಹೇಬರು ಮಾತ್ರ ಗದ್ದ ಕೆರೆದುಕೊಂಡರು. "ಛಲೋ ಐತಿ… ಛಲೋ ಐತಿ… ಖರೆ ಮೊನ್ನಿ ದನಿ ಹಾಕ್ರಿ, ಇನ್ನೊಮ್ಮೆ ನೋಡೂನು."

ದೀಪ ಆರಿಸಿ ಚಿತ್ರ ಹಾಕಿದರು. ಪರದೆಯ ಮೇಲೆ ಆ ಮುದುಕಿ ಹೊಸ್ತಿಲಲ್ಲಿ ಕೂತಿದ್ದಾಳೆ, ಮುಂದೆ ಎಲೆ ಅಡಿಕೆಯ ತಟ್ಟೆ. ಮಗ ಸತ್ತ ಸುದ್ದಿ ಬರುತ್ತದೆ. ಅವಳ ಕೈಯಲ್ಲಿ ಅಡಕೊತ್ತು. ಕೈ ಬಿಗಿಯುತ್ತದೆ. ಅದೇ ಕ್ಷಣಕ್ಕೆ ಮೊನ್ನೆಯ ದನಿಯಲ್ಲಿ ಸರಿಯಾಗಿ… ಕಟಕ್. ಆಮೇಲೆ "ಹ್ಞೂಂ…"

ಆಬಾಸಾಹೇಬರು ತೊಡೆ ತಟ್ಟಿಕೊಂಡರು. "ವಾ ಅಕ್ಕಾರ, ವಾ! ಇದ ಬೇಕ ನನಗ! ಇವತ್ತಿಂದು ಬ್ಯಾಡ, ಮೊನ್ನಿಂದು ಇಡ್ರಿ."

ಬಾಳಕ್ಕ ಎದ್ದು ಹೋದಳು.

ಎಂಟು ತಿಂಗಳಿಗೆ ಚಿತ್ರ ಗಡಹಿಂಗ್ಲಜದ ಟೂರಿಂಗ್ ಟಾಕೀಸಿಗೆ ಬಂತು. ಪರದೆಯ ಮೇಲೆ ಅವಳ ಹೆಸರು ಬಂತು, ಒಂಟಿಯಾಗಿ, ದೊಡ್ಡ ಅಕ್ಷರದಲ್ಲಿ. ಊರಿಗೆ ಊರೇ ಸಿಳ್ಳು ಹಾಕಿತು. ಆ ಅಳು ಬಂದಾಗ ಒಬ್ಬರ ಕಣ್ಣೂ ಒಣಗಿರಲಿಲ್ಲ. "ನಮ್ಮ ಬಾಳಕ್ಕ ನೋಡ್ರೀ ಅದು! ನಮ್ಮ ಬಾಳಕ್ಕ!" ಯಮುನವ್ವನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಕೇಳಿದ್ದೆಲ್ಲ ಸಿಕ್ಕಿತಲ್ಲ ಅಂತ ನಾನು ಪಕ್ಕಕ್ಕೆ ತಿರುಗಿದೆ. ಬಾಳಕ್ಕ ತುಟಿ ಬಿಗಿದು ಪರದೆಯನ್ನೇ ನೋಡುತ್ತಿದ್ದಳು.

"ಇನ್ನೂ ಹೊಟ್ಟಿಕಿಚ್ಚೇನ ಅಕ್ಕಾ? ಸತ್ತಾಕಿ ಮ್ಯಾಲ?"

"ಸತ್ತ ಮ್ಯಾಲೂ ನನಕಿಂತ ಚಂದ ಅಳ್ತಾಳ," ಅಂದಳು.

ಆಮೇಲೆ ಅವಳು ಮೈಕಿನ ಮುಂದೆ ಹೋಗಲಿಲ್ಲ. ಎರಡು ವರ್ಷವಾಯಿತು, ಗಡಹಿಂಗ್ಲಜದಲ್ಲೇ ಇದ್ದಾಳೆ. ನಂಬದವರು ಹೋಗಿ ನೋಡಿಕೊಂಡು ಬನ್ನಿ, ಬಸ್ಸಿನ ಚಾರ್ಜು ನಾನು ಕೊಡುತ್ತೇನೆ. ಬಾವಿಯ ಕಟ್ಟೆಯ ಆ ರಾತ್ರಿಯಿಂದ ಎಲೆ ಅಡಿಕೆ ಮುಟ್ಟಿಲ್ಲ ಅವಳು. ಮದುವೆ ಮನೆಯಲ್ಲಿ ಕೊಟ್ಟರೂ ಕೈ ಮುಗಿದು ಬಿಡುತ್ತಾಳೆ. ಸೀಗೆಕಾಯಿ ಹಾಕಿ ತಿಕ್ಕಿದಳು, ನಿಂಬೆಹಣ್ಣು ಹಚ್ಚಿದಳು. ತುಟಿ ಈಗಲೂ ಕೆಂಪಗಿದೆ.